‘ಆದ್ದರಿಂದ’ ಮತ್ತು ‘ಸೊನೊ ಕೆಕ್ಕ’: ಜಪಾನೀ ಕಲಿಯುವ ಕನ್ನಡಿಗರ ಒಂದು ತೊಡಕು

ಎರಡು ವಾಕ್ಯಗಳ ನಡುವೆ ನಿಂತು ‘ಮೊದಲಿನದರ ಫಲ ಎರಡನೆಯದು’ ಎಂದು ಸೂಚಿಸುವ ಪದಗಳ ವಿಚಾರವಾಗಿ ನಮ್ಮ ಶಾಲಾ ವ್ಯಾಕರಣಗಳು ಹೆಚ್ಚು ಮಾತನಾಡುವುದಿಲ್ಲ. ‘ಆದ್ದರಿಂದ’, ‘ಆದಕಾರಣ’, ‘ಹೀಗಾಗಿ’, ‘ಅದಕ್ಕಾಗಿ’, ‘ಪರಿಣಾಮವಾಗಿ’ ಮೊದಲಾದವನ್ನು ಸಂಬಂಧಾರ್ಥಕಾವ್ಯಯಗಳ ಪಟ್ಟಿಯಲ್ಲಿ ಒಟ್ಟಿಗೆ ಹೆಸರಿಸಿ ಮುಂದೆ ಸಾಗುವುದೇ ವಾಡಿಕೆ. ಇವು ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದಾದ ಪರ್ಯಾಯ ಪದಗಳೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಇದರಿಂದ ಬೆಳೆದುಬಿಡುತ್ತದೆ. ತಾಯ್ನುಡಿಯಲ್ಲಿ ಈ ಭಾವನೆಯಿಂದ ಕೆಡುಕೇನೂ ಇಲ್ಲ. ಕಿವಿಯೇ ನಮ್ಮನ್ನು ಕಾಯುತ್ತದೆ. ಆದರೆ ಅನ್ಯಭಾಷೆಯೊಂದನ್ನು ಕಲಿಯಹೊರಟಾಗ ಇದು ತೊಡಕಾಗುತ್ತದೆ.

ಡೊಂಬಿವಲಿಯಲ್ಲಿ ನೆಲೆಸಿರುವ ಕನ್ನಡ ಎಂ.ಎ. ವಿದ್ಯಾರ್ಥಿನಿಯೊಬ್ಬಳು ತಾನು ಬಿಡುವಿನಲ್ಲಿ ಕಲಿಯುತ್ತಿದ್ದ ಜಪಾನೀ ಭಾಷೆಯ ಅಭ್ಯಾಸಪುಸ್ತಕವನ್ನು ಒಮ್ಮೆ ನನಗೆ ತೋರಿಸಿದಳು. ಅದರಲ್ಲಿ ಎರಡು ವಾಕ್ಯಗಳಿಗೆ ಕೆಂಪು ಗೆರೆ ಬಿದ್ದಿತ್ತು: ‘ಅಮೆ ಗ ಫುತ್ತೆ ಇಮಸು. ಸೊನೊ ಕೆಕ್ಕ, ಕಸ ಒ ಮೊತ್ತೆ ಇತ್ತೆ ಕುದಸಾಯಿ.’ ಮಳೆ ಬರುತ್ತಿದೆ, ಆದ್ದರಿಂದ ಕೊಡೆ ತೆಗೆದುಕೊಂಡು ಹೋಗಿ ಎಂಬುದು ಅವಳ ಉದ್ದೇಶ. (ಜಪಾನೀಯರು ಕೊಡೆಗೆ ‘ಕಸ’ ಎನ್ನುತ್ತಾರೆ; ತರಗತಿಯ ಮೊದಲ ದಿನ ಈ ಪದ ಕೇಳಿ ನಗದ ಕನ್ನಡಿಗರಿಲ್ಲ.) ಪದಗಳಲ್ಲಾಗಲಿ, ಕ್ರಿಯಾರೂಪಗಳಲ್ಲಾಗಲಿ ತಪ್ಪಿರಲಿಲ್ಲ. ‘ಸೊನೊ ಕೆಕ್ಕ’ ಎಂಬುದರ ಪಕ್ಕದಲ್ಲಿ ಅವಳು ‘ದೇರ್‌ಫೋರ್’ ಎಂಬ ಇಂಗ್ಲಿಷ್ ಪದವನ್ನು ಬರೆದುಕೊಂಡಿದ್ದಳು. ಕೋಶದಲ್ಲಿಯೂ ಹಾಗೆಯೇ ಇತ್ತಂತೆ. ತಪ್ಪು ಎಲ್ಲಿದೆಯೆಂದು ತಿಳಿಯದೆ ಅವಳು ಸೋತಿದ್ದಳು. ಕನ್ನಡದ ಓದು ಈ ಕಲಿಕೆಯಲ್ಲಿ ಯಾವ ಉಪಯೋಗಕ್ಕೂ ಬಾರದೆಂಬ ನಿರ್ಣಯಕ್ಕೂ ಬಂದಿದ್ದಳು. ಈ ಎರಡನೆಯ ನಿರ್ಣಯವೇ ನನ್ನನ್ನು ಹೆಚ್ಚು ಕಾಡಿದ್ದು. ಪ್ರಸ್ತುತ ಲೇಖನ ಅದಕ್ಕೆ ಕೊಡಬಹುದಾದ ಉತ್ತರ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಜಪಾನೀ ಭಾಷೆಯ ಪಠ್ಯಪುಸ್ತಕ ಕಾಣಸಿಗುವುದು ಇಂದು ಅಚ್ಚರಿಯ ಸಂಗತಿಯೇನಲ್ಲ. ಐರೋಳಿ, ಮಹಾಪೆಗಳ ಗಣಕತಂತ್ರದ ಕಚೇರಿಗಳಿಗೆ ಹೋಗುವವರಿಗೆ ಇದು ಉದ್ಯೋಗದ ಮೆಟ್ಟಿಲು. ೧೯೮೪ರಲ್ಲಿ ಆರಂಭವಾದ ಜಪಾನೀ ಭಾಷಾ ಪ್ರಾವೀಣ್ಯ ಪರೀಕ್ಷೆಯನ್ನು ೨೦೧೦ರಲ್ಲಿ ಪರಿಷ್ಕರಿಸಿ ನಾಲ್ಕು ಹಂತಗಳ ಬದಲು ಐದು ಹಂತಗಳನ್ನು ಮಾಡಿದರು. ನಿರ್ದಿಷ್ಟ ಕೌಶಲದ ಕೆಲಸಗಾರರನ್ನು ಜಪಾನಿಗೆ ಕಳುಹಿಸುವ ಬಗ್ಗೆ ಉಭಯ ದೇಶಗಳ ನಡುವೆ ೨೦೨೧ರ ಜನವರಿಯಲ್ಲಿ ಒಡಂಬಡಿಕೆಯಾಯಿತು. ೨೦೧೭ರಲ್ಲಿ ಶಂಕುಸ್ಥಾಪನೆಯಾದ ಮುಂಬಯಿ-ಅಹಮದಾಬಾದ್ ಅತಿವೇಗದ ರೈಲುಮಾರ್ಗವೂ ಜಪಾನಿನ ಸಾಲ ಮತ್ತು ತಂತ್ರಜ್ಞಾನಗಳನ್ನು ನೆಚ್ಚಿ ಹೊರಟದ್ದು. ಅದರ ನಿಲ್ದಾಣಗಳಲ್ಲಿ ಠಾಣೆಯೂ ಒಂದು. ಈ ಪರಿಸರದಲ್ಲಿ ಕನ್ನಡಿಗ ವಿದ್ಯಾರ್ಥಿ ಜಪಾನೀಯನ್ನು ಇಂಗ್ಲಿಷಿನ ಅಥವಾ ಮರಾಠಿಯ ಮೂಲಕ ಕಲಿಯುತ್ತಾನೆ. ಮನೆಯ ಭಾಷೆಯಿಂದ ನೇರವಾಗಿ ಅಲ್ಲಿಗೆ ದಾಟುವ ದಾರಿಯಿದೆಯೆಂದು ಅವನಿಗೆ ಯಾರೂ ಹೇಳುವುದಿಲ್ಲ.

ದಾರಿಯ ಮೊದಲ ಗುರುತು ಲಿಪಿಯಲ್ಲಿಯೇ ಇದೆ. ಜಪಾನೀಯಲ್ಲಿ ಹ್ರಸ್ವ ಎಕಾರ, ಹ್ರಸ್ವ ಒಕಾರಗಳು ಉಂಟು. ಸ್ವರದ ಹ್ರಸ್ವದೀರ್ಘಗಳಿಂದ ಅರ್ಥವೇ ಬದಲಾಗುತ್ತದೆ. ಮರಾಠಿಯನ್ನು ಬರೆಯುವ ದೇವನಾಗರಿಯಲ್ಲಿ ಎ-ಏ, ಒ-ಓಗಳ ಭೇದವನ್ನು ತೋರಿಸುವ ರೂಢಿಯಿಲ್ಲ. ಕನ್ನಡದಲ್ಲಿ ‘ಸೊನೊ ಕೆಕ್ಕ’ ಎಂದು ಬರೆದರೆ ನಾಲ್ಕು ಸ್ವರಗಳೂ ಹ್ರಸ್ವವಾಗಿ, ಕಕಾರದ ಒತ್ತೂ ಸರಿಯಾಗಿ, ಮೂಲಕ್ಕೆ ತೀರ ಹತ್ತಿರ ಬರುತ್ತದೆ. ಆ ವಿದ್ಯಾರ್ಥಿನಿಯೂ ಟಿಪ್ಪಣಿಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಂಡಿದ್ದಳು. ಉಚ್ಚಾರಣೆಗೆ ಕನ್ನಡವನ್ನು ನಂಬಿದವಳು ಅರ್ಥಕ್ಕೆ ಮಾತ್ರ ಇಂಗ್ಲಿಷನ್ನು ನಂಬಿದ್ದಳು.

ಈಗ ಪದವನ್ನು ಬಿಡಿಸಿ ನೋಡೋಣ. ‘ಸೊನೊ’ ಎಂದರೆ ‘ಆ’. ‘ಕೆಕ್ಕ’ ಎಂಬುದು ಚೀನೀ ಮೂಲದ ಎರಡಕ್ಷರಗಳ ಸಮಾಸ: ಮೊದಲನೆಯದರ ಅರ್ಥ ಕಟ್ಟುವುದು, ಗಂಟಿಕ್ಕುವುದು, ಎರಡನೆಯದರ ಅರ್ಥ ಹಣ್ಣು. ಹೂವು ಉದುರಿ ಕಾಯಿ ಕಟ್ಟುವುದೇ ಮೂಲ ಚಿತ್ರ. ‘ಕಾಯಿ ಕಟ್ಟಿತು’ ಎನ್ನುವಾಗ ನಾವೂ ‘ಕಟ್ಟು’ ಧಾತುವನ್ನೇ ಬಳಸುತ್ತೇವೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ಫಲ’ ಶಬ್ದಕ್ಕೆ ಆರಿಸಿದ್ದು ಇದೇ ಹಣ್ಣಿನ ಅಕ್ಷರವನ್ನು. ‘ಹೇತು-ಫಲ’ ಎಂಬ ಜೋಡಿ ಜಪಾನೀಯಲ್ಲಿ ‘ಇಂಗ’ ಎಂದು ಇಂದಿಗೂ ಇದೆ. ಕಲ್ಯಾಣದ ದಾನಿಗಳ ಹೆಸರುಗಳು ಕಾನ್ಹೇರಿಯ ಬೌದ್ಧ ಗುಹೆಗಳ ಬ್ರಾಹ್ಮೀ ಶಾಸನಗಳಲ್ಲಿ ಕಾಣುತ್ತವೆ. ಹೇತುಫಲಗಳನ್ನು ನಂಬಿ ಕಲ್ಲಿನಲ್ಲಿ ದಾನ ಬರೆಸಿದ ಊರಿನ ಆಸುಪಾಸಿನಲ್ಲಿಯೇ ಇಂದಿನ ವಿದ್ಯಾರ್ಥಿಗಳು ಅದೇ ‘ಫಲ’ವನ್ನು ಜಪಾನೀ ವೇಷದಲ್ಲಿ ಬಾಯಿಪಾಠ ಮಾಡುತ್ತಿದ್ದಾರೆ. ಹೀಗಿರುವಾಗ ‘ಸೊನೊ ಕೆಕ್ಕ’ಕ್ಕೆ ಕನ್ನಡದ ನೇರ ರೂಪ ‘ಅದರ ಫಲವಾಗಿ’ ಅಥವಾ ‘ಪರಿಣಾಮವಾಗಿ’ ಎಂಬುದೇ ಹೊರತು ‘ಆದ್ದರಿಂದ’ ಅಲ್ಲ.

ಈ ಒಂದು ತಿದ್ದುಪಡಿಯಿಂದಲೇ ಕೆಂಪು ಗೆರೆಯ ಕಾರಣ ಹೊಳೆಯುತ್ತದೆ. ‘ಮಳೆ ಬರುತ್ತಿದೆ. ಪರಿಣಾಮವಾಗಿ ಕೊಡೆ ತೆಗೆದುಕೊಂಡು ಹೋಗಿ’ ಎಂದು ಕನ್ನಡಿಗರಾರೂ ಹೇಳುವುದಿಲ್ಲ. ಹೇಳಿದರೆ ಮಕ್ಕಳೂ ನಗುತ್ತಾರೆ. ‘ಪರಿಣಾಮವಾಗಿ’ ಎಂದೊಡನೆ ಕೇಳುವವನು ಘಟಿಸಿದ ಸಂಗತಿಯೊಂದನ್ನು ನಿರೀಕ್ಷಿಸುತ್ತಾನೆ, ಅಪ್ಪಣೆಯನ್ನಲ್ಲ. ಜಪಾನೀಯಲ್ಲಿಯೂ ಹಾಗೆಯೇ. ‘ಸೊನೊ ಕೆಕ್ಕ’ದ ಹಿಂದೆ ಒಂದು ಘಟನೆಯೋ ಕ್ರಿಯೆಯೋ ಇರಬೇಕು, ಮುಂದೆ ಅದರಿಂದ ಒದಗಿದ ಸ್ಥಿತಿ, ಸಾಮಾನ್ಯವಾಗಿ ಭೂತಕಾಲದಲ್ಲಿ, ಬರಬೇಕು. ವಿನಂತಿ, ಆಜ್ಞೆ, ಆಹ್ವಾನ, ‘ಹೀಗೆ ಮಾಡೋಣ’ ಎಂಬ ಸಂಕಲ್ಪ ಇವು ಅದರ ಮುಂದೆ ಹೊಂದುವುದಿಲ್ಲ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಸುರಿದು, ಕಲ್ಯಾಣ-ಡೊಂಬಿವಲಿಗಳ ತಗ್ಗುಪ್ರದೇಶಗಳು ಮುಳುಗಿದ್ದು ಇಲ್ಲಿನವರಿಗೆ ಮರೆಯುವಂಥದಲ್ಲ. ಅಂದಿನ ವರದಿಗೆ ಈ ಪದ ಹೇಳಿಮಾಡಿಸಿದಂತಿದೆ: ‘ಓಅಮೆ ಗ ಫುರಿಮಶಿತ. ಸೊನೊ ಕೆಕ್ಕ, ದೆನ್‌ಶ ಗ ತೊಮರಿಮಶಿತ.’ ಭಾರಿ ಮಳೆ ಸುರಿಯಿತು. ಪರಿಣಾಮವಾಗಿ ರೈಲುಗಳು ನಿಂತವು. ೧೯೯೨ರಲ್ಲಿ ಠಾಣೆ ಖಾರಿಯ ಮೇಲಿನ ರೈಲುಸೇತುವೆ ತೆರೆದು ಮಾನಖುರ್ದಿನಿಂದ ವಾಶಿಗೆ ಲೋಕಲ್ ಗಾಡಿ ಬಂದುದನ್ನೂ, ಅದರ ಫಲವಾಗಿ ನವಿ ಮುಂಬಯಿಯಲ್ಲಿ ವಸತಿ ಹೆಚ್ಚಿದುದನ್ನೂ ಇದೇ ಪದದಿಂದ ಜೋಡಿಸಬಹುದು.

ತರ್ಕದ ನಿಗಮನಕ್ಕೂ ಇದು ಒಗ್ಗುವುದಿಲ್ಲ. ‘ಈ ಸಂಖ್ಯೆ ಎರಡರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ; ಆದ್ದರಿಂದ ಇದು ಸಮಸಂಖ್ಯೆ’ ಎನ್ನಬಹುದು; ‘ಪರಿಣಾಮವಾಗಿ ಇದು ಸಮಸಂಖ್ಯೆ’ ಎಂದರೆ ಭಾಗಿಸುವ ಮೊದಲು ಅದು ಬೆಸಸಂಖ್ಯೆಯಾಗಿತ್ತೆಂಬ ವಿನೋದ ಉಂಟಾಗುತ್ತದೆ. ಜಪಾನೀಯಲ್ಲಿ ಈ ಕೆಲಸಕ್ಕೆ ‘ಶಿತಗತ್ತೆ’ ಎಂಬ ಬೇರೊಂದು ಪದವಿದೆ. ‘ಶಿತಗಾವು’ ಎಂದರೆ ಹಿಂಬಾಲಿಸು, ಅನುಸರಿಸು. ಅದರ ‘ತೆ’ ರೂಪ ನಮ್ಮ ‘ಅನುಸರಿಸಿ’ ಎಂಬ ಭೂತನ್ಯೂನಕ್ಕೆ ಸಮಾನ. ಪ್ರಬಂಧಗಳಲ್ಲಿ, ಕಾನೂನಿನ ಬರಹದಲ್ಲಿ ಅದರ ಸಂಚಾರ ಹೆಚ್ಚು. ನಮ್ಮ ‘ಆದಕಾರಣ’ ಅದರ ನೆರೆಯದು.

ಹಾಗಾದರೆ ‘ಆದ್ದರಿಂದ’ ಯಾವುದಕ್ಕೆ ಸಮ? ಇಲ್ಲಿ ಎರಡು ಭಾಷೆಗಳ ರಚನೆಯಲ್ಲಿ ಕಾಣುವ ಸಾಮ್ಯ ಬೆರಗು ಹುಟ್ಟಿಸುವಂಥದು. ‘ಆದ್ದರಿಂದ’ ಎಂಬುದು ‘ಆದುದು’ ಎಂಬ ಕೃದಂತನಾಮಕ್ಕೆ ‘ಇಂದ’ ಪ್ರತ್ಯಯ ಸೇರಿ ಆದದ್ದು. ಹಿಂದಿನ ಇಡೀ ವಾಕ್ಯವನ್ನು ‘ಆಗು’ ಧಾತುವಿನ ಒಂದು ರೂಪದಲ್ಲಿ ಅಡಕಮಾಡಿ, ಅದರಿಂದ ಮುಂದಿನದು ಹೊರಟಿತೆಂದು ಹೇಳುವ ಉಪಾಯ ಇದು. ಜಪಾನೀಯ ‘ದಕರ’ ಎಂಬುದರಲ್ಲಿ ‘ದ’ ಎಂಬುದು ‘ಆಗಿದೆ’ ಎಂಬರ್ಥದ ಕ್ರಿಯೆ. ‘ಕರ’ ಎಂಬುದು ‘ಇಂದ’. ಈ ‘ಕರ’ ಸ್ಥಳವಾಚಿಯೂ ಹೌದು: ‘ಠಾಣೆ ಕರ ಕಲ್ಯಾಣ್ ಮದೆ’ ಎಂದರೆ ಠಾಣೆಯಿಂದ ಕಲ್ಯಾಣದವರೆಗೆ. ಗಾಡಿ ಹೊರಡುವ ಸ್ಥಳಕ್ಕೂ ಕಾರ್ಯ ಹೊರಡುವ ಕಾರಣಕ್ಕೂ ಒಂದೇ ಪ್ರತ್ಯಯವನ್ನು ಬಳಸುವುದು ಎರಡು ಭಾಷೆಗಳಲ್ಲಿಯೂ ಸಮಾನ. ಹಾಗೆಯೇ ‘ಸೊರೆದೆ’ ಎಂಬುದು ‘ಸೊರೆ’ (ಅದು) ಮತ್ತು ಕರಣಾರ್ಥದ ‘ದೆ’ ಕೂಡಿ ಆದದ್ದು. ‘ಅದರಿಂದ’ ಎಂಬುದರ ಪ್ರತಿಬಿಂಬವೇ ಸರಿ. ‘ಸೊನೊ ತಮೆ’ ಎಂಬಲ್ಲಿನ ‘ತಮೆ’ ಕಾರಣ, ಉದ್ದೇಶ ಎರಡನ್ನೂ ಹೇಳುತ್ತದೆ. ನಮ್ಮ ಚತುರ್ಥಿಯ ‘ಕ್ಕೆ’ಯೂ ‘ಓದಲಿಕ್ಕೆ ಬಂದೆ’ ಎಂಬಲ್ಲಿ ಉದ್ದೇಶವನ್ನೂ ‘ಮಳೆ ಬಂದದ್ದಕ್ಕೆ ರಜೆ ಕೊಟ್ಟರು’ ಎಂಬಲ್ಲಿ ಕಾರಣವನ್ನೂ ಹೇಳುವುದಿಲ್ಲವೆ?

ಇಂಥ ಸಾಮ್ಯಗಳನ್ನು ಕಂಡೊಡನೆ ಎರಡು ಭಾಷೆಗಳಿಗೂ ರಕ್ತಸಂಬಂಧವನ್ನು ಕಲ್ಪಿಸುವ ಆಸೆ ಹುಟ್ಟುತ್ತದೆ. ಜಪಾನಿನ ವಿದ್ವಾಂಸ ಸುಸುಮು ಓನೋ ಅವರು ತಮಿಳು ಮತ್ತು ಜಪಾನೀ ಭಾಷೆಗಳ ನಂಟಿನ ಬಗ್ಗೆ ದೀರ್ಘಕಾಲ ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಬಹುಮಂದಿ ಅದನ್ನು ಒಪ್ಪಲಿಲ್ಲ. ಕ್ರಿಯಾಪದ ವಾಕ್ಯಾಂತ್ಯದಲ್ಲಿ ಬರುವ, ವಿಭಕ್ತಿ ಪ್ರತ್ಯಯಗಳು ನಾಮದ ಬೆನ್ನಿಗೆ ಹತ್ತುವ ಭಾಷೆಗಳು ಒಂದೇ ಸಮಸ್ಯೆಗೆ ಒಂದೇ ಬಗೆಯ ಪರಿಹಾರವನ್ನು ಸ್ವತಂತ್ರವಾಗಿ ಕಂಡುಕೊಳ್ಳಬಲ್ಲವು. ನಮ್ಮ ಪ್ರಯೋಜನಕ್ಕೆ ಅಷ್ಟು ಸಾಕು.

ರಚನೆಗಿಂತ ಸೂಕ್ಷ್ಮವಾದದ್ದು ಬಳಕೆ. ‘ದಕರ’ದ ಮುಂದೆ ಆಜ್ಞೆ, ವಿನಂತಿ, ಊಹೆ, ಸಂಕಲ್ಪ ಏನು ಬೇಕಾದರೂ ಬರಬಹುದು, ಏಕೆಂದರೆ ಅಲ್ಲಿ ಎರಡು ವಾಕ್ಯಗಳನ್ನು ಬೆಸೆಯುವವನು ಮಾತನಾಡುವವನೇ. ‘ಕೊಡೆ ತೆಗೆದುಕೊಂಡು ಹೋಗಿ’ ಎಂಬುದಕ್ಕೆ ಬೇಕಾಗಿದ್ದದ್ದು ಈ ಪದವೇ. ‘ಸೊರೆದೆ’, ‘ಸೊನೊ ತಮೆ’ಗಳು ಸಂಗತಿಯನ್ನು ನಿರೂಪಿಸುತ್ತವೆಯೇ ಹೊರತು ಅಪ್ಪಣೆಗೆ ದಾರಿ ಕೊಡುವುದಿಲ್ಲ. ಒಂದೇ ವಾಕ್ಯದೊಳಗೆ ಕಾರಣವನ್ನು ಹೇಳುವ ‘ಕರ’ ಮತ್ತು ‘ನೊದೆ’ ಪ್ರತ್ಯಯಗಳಲ್ಲಿ ಮೊದಲನೆಯದು ವಕ್ತೃನಿಷ್ಠ, ಎರಡನೆಯದು ವಸ್ತುನಿಷ್ಠ ಎಂಬ ಭೇದವನ್ನು ಮಸರು ನಗಾನೊ ಅವರು ೧೯೫೨ರಲ್ಲಿಯೇ ಮಂಡಿಸಿದ್ದರು. ಅನಂತರದವರು ಅದಕ್ಕೆ ಹಲವು ಅಪವಾದಗಳನ್ನು ತೋರಿಸಿದ್ದಾರೆ. ಆದರೂ ಕಲಿಯುವವನ ಕೈಗೆ ಅದೊಂದು ಒಳ್ಳೆಯ ದೀಪ. ಫಲವನ್ನು ಹೇಳುವಾಗ ಅದರ ಹೊಣೆ ಯಾರದು, ಹೇಳುವವನದೋ ಘಟನೆಯದೋ, ಎಂಬುದನ್ನು ಜಪಾನೀ ಭಾಷೆ ಪದದ ಆಯ್ಕೆಯಲ್ಲಿಯೇ ನಿರ್ಧರಿಸಿಬಿಡುತ್ತದೆ.

‘ದಕರ’ಕ್ಕೆ ಇನ್ನೊಂದು ಮುಖವಿದೆ. ಎದುರಿನವನ ಮಾತಿಗೆ ಉತ್ತರವಾಗಿ, ಹಿಂದೆ ಕಾರಣವಾಕ್ಯವೇ ಇಲ್ಲದೆ, ‘ದಕರ, ಇತ್ತ ದೆಶೋ’ ಎಂದರೆ ‘ಅದಕ್ಕೇ ಹೇಳಿದ್ದು ನಾನು!’ ಎಂಬಂತೆ. ಅಸಹನೆ, ಹಟ, ‘ಮೊದಲೇ ಎಚ್ಚರಿಸಿದ್ದೆ’ ಎಂಬ ಭಾವ ಅದರಲ್ಲಿವೆ. ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು ಅವಧಾರಣೆಯ ‘ಏ’. ‘ಸಾಮಾನು ತಡವಾಗಿ ಬಂತು. ಅದಕ್ಕೇ ಕೆಲಸ ತಡವಾಯಿತು’ ಎಂಬುದಕ್ಕೂ ‘ಅದರಿಂದಾಗಿ ಕೆಲಸ ತಡವಾಯಿತು’ ಎಂಬುದಕ್ಕೂ ಇರುವ ಅಂತರ ನಮ್ಮ ಕಿವಿಗೆ ಗೊತ್ತು: ಮೊದಲನೆಯದು ತಪ್ಪನ್ನು ಕೈತೊಳೆದುಕೊಳ್ಳುವ ಮಾತು, ಎರಡನೆಯದು ವರದಿ. ಜಪಾನಿನ ಗ್ರಾಹಕರಿಗೆ ಪತ್ರ ಬರೆಯುವ ಮಹಾಪೆಯ ಎಂಜಿನಿಯರ್ ‘ದಕರ’ ಎಂದು ಬರೆದರೆ ಸಬೂಬು ಹೇಳಿದಂತಾಗುತ್ತದೆ; ‘ಸೊನೊ ತಮೆ’ ಎಂದರೆ ವಿನಯದ ವಿವರಣೆಯಾಗುತ್ತದೆ. ಇಂಗ್ಲಿಷಿನ ಒಂದೇ ಪದವನ್ನು ಎರಡಕ್ಕೂ ಬರೆದುಕೊಂಡವನಿಗೆ ಈ ವ್ಯತ್ಯಾಸ ಎಂದಿಗೂ ಕಾಣದು.

ಪತ್ರವ್ಯವಹಾರದ ಮಾತು ಬಂದುದರಿಂದ ‘ಕೆಕ್ಕ’ದ ಇನ್ನೊಂದು ಪ್ರಯೋಗವನ್ನು ಹೇಳಲೇಬೇಕು. ಅದು ಕ್ರಿಯೆಯ ಭೂತರೂಪದ ಬೆನ್ನಿಗೂ ನೇರವಾಗಿ ನಿಲ್ಲುತ್ತದೆ: ‘ಗೆನ್‌ಇನ್ ಒ ಶಿರಬೆತ ಕೆಕ್ಕ…’ ಎಂದರೆ ಕಾರಣವನ್ನು ಪರಿಶೀಲಿಸಿದ ಫಲವಾಗಿ. ಇದರ ಮುಂದೆ ‘… ಎಂದು ತಿಳಿದುಬಂತು’ ಎಂಬರ್ಥದ ಮಾತು ಬರುವುದು ರೂಢಿ. ನಮ್ಮ ಕಚೇರಿ ಕನ್ನಡದ ‘ಪರಿಶೀಲಿಸಲಾಗಿ … ತಿಳಿದುಬಂದಿರುತ್ತದೆ’ ಎಂಬ ಹಳೆಯ ಒಕ್ಕಣೆ ಇದಕ್ಕೆ ಅಚ್ಚೊತ್ತಿದಂತೆ ಹೊಂದುತ್ತದೆ. ನಾವು ನಗೆಯಾಡುವ ಈ ದಫ್ತರದ ಭಾಷೆ ಜಪಾನೀ ವರದಿಯ ಶೈಲಿಯನ್ನು ಕಲಿಯಲು ಇಷ್ಟು ನೆರವಾದೀತೆಂದು ನಾನು ಭಾವಿಸಿರಲಿಲ್ಲ.

ಇನ್ನು ಮರಾಠಿಯ ವಿಚಾರ. ಈ ಭಾಗದ ನಮ್ಮ ಮಕ್ಕಳ ಕನ್ನಡದಲ್ಲಿ ‘ಮಳೆ ಬಂತು ಅಂತ ಗಾಡಿ ನಿಂತಿತು’ ಎಂಬಂಥ ವಾಕ್ಯಗಳನ್ನು ಕೇಳಿದ್ದೇನೆ. ‘ಮಳೆ ಬಂತು ಅಂತ ನಾನು ನಿಂತೆ’ ಎಂಬುದು ಒಳ್ಳೆಯ ಕನ್ನಡ. ಏಕೆಂದರೆ ಮಳೆ ಬಂತೆಂದು ಅಂದುಕೊಂಡು ನಿಂತವನು ನಾನು. ‘ಅಂತ’, ‘ಎಂದು’ಗಳಲ್ಲಿ ‘ಎನ್ನು’ ಧಾತುವಿನ ಜೀವ ಇನ್ನೂ ಆರಿಲ್ಲ, ಅನ್ನುವವನೊಬ್ಬ ಬೇಕು. ಗಾಡಿ ಏನನ್ನೂ ಅಂದುಕೊಳ್ಳಲಾರದು. ಮರಾಠಿಯ ‘ಮ್ಹಣೂನ್’ ಕೂಡ ‘ಎಂದು’ ಎಂಬರ್ಥದ ಕೃದಂತವೇ. ಆದರೆ ಅಲ್ಲಿ ಅನ್ನುವವನು ಮರೆಯಾಗಿ ಬರಿಯ ಕಾರಣಾರ್ಥ ಉಳಿದಿದೆ. ಅದು ವಾಕ್ಯಾರಂಭದಲ್ಲಿ ನಿಂತು ‘ಆದ್ದರಿಂದ’ ಎಂದೂ ಆಗುತ್ತದೆ, ಗಾಡಿ ನಿಂತುದಕ್ಕೂ ಸಲ್ಲುತ್ತದೆ. ‘ಎಂದು’ ಎಂಬಂಥ ಉದ್ಧರಣ ಪದಗಳು ಭಾರತದ ಹಲವು ಭಾಷೆಗಳಲ್ಲಿ ಸಮಾನವಾಗಿರುವುದು ಎಮೆನೋ ಅವರ ೧೯೫೬ರ ಪ್ರಸಿದ್ಧ ಲೇಖನದ ಅನಂತರ ಬೆಳೆದ ‘ಭಾಷಾವಲಯ’ದ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ವಿಷಯ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ವಾಕ್ಯರಚನೆಯಲ್ಲಿ ಒಂದನ್ನೊಂದು ಹೇಗೆ ಹೋಲುತ್ತ ಬಂದಿವೆಯೆಂಬುದನ್ನು ಗಂಪರ್ಜ್ ಮತ್ತು ವಿಲ್ಸನ್ ೧೯೭೧ರಲ್ಲಿ ತೋರಿಸಿದರು. ಡೊಂಬಿವಲಿಯ ಮಕ್ಕಳ ‘ಅಂತ’ವನ್ನು ತಪ್ಪೆಂದು ಗದರಿಸುವ ಮೊದಲು ಆ ಅಧ್ಯಯನವನ್ನು ನೆನೆಯಬೇಕು. ಮರಾಠಿಯಿಂದ ಬರುವ ನೆರವೂ ಇದೆ: ‘ತ್ಯಾಮುಳೆ’ ಎಂಬುದು ಸಂಗತಿಯ ಫಲವನ್ನು ಹೇಳುವುದರಲ್ಲಿ ‘ಸೊನೊ ತಮೆ’ಗೆ ಸಮೀಪದ್ದು, ‘ಪರಿಣಾಮೀ’ ಎಂಬುದು ‘ಸೊನೊ ಕೆಕ್ಕ’ವೇ.

‘ಎನ್ನು’ ಧಾತು ಜಪಾನೀ ಕಲಿಕೆಗೆ ಒದಗುವ ಇನ್ನೊಂದು ಜಾಗ ಇಲ್ಲಿಯೇ ಸಿಗುತ್ತದೆ. ‘ಕರ ತೊ ಇತ್ತೆ’ ಎಂಬ ನುಡಿಗಟ್ಟು ಪರೀಕ್ಷಾರ್ಥಿಗಳನ್ನು ಬಹಳ ಕಾಡುತ್ತದೆ. ಪದಶಃ ‘…ಇಂದ ಎಂದು ಹೇಳಿ’. ಅರ್ಥದಲ್ಲಿ ನಮ್ಮ ‘ಎಂದ ಮಾತ್ರಕ್ಕೆ’. ‘ಜಪಾನಿನಲ್ಲಿದ್ದಾನೆ ಎಂದ ಮಾತ್ರಕ್ಕೆ ಜಪಾನೀ ಚೆನ್ನಾಗಿ ಬರುತ್ತದೆಂದೇನೂ ಇಲ್ಲ’ ಎಂಬ ವಾಕ್ಯವನ್ನು ಇಟ್ಟುಕೊಂಡರೆ ಒಂದು ನಿಮಿಷದಲ್ಲಿ ವಿಷಯ ಮುಗಿಯುತ್ತದೆ. ಎರಡು ಭಾಷೆಗಳೂ, ನಿರೀಕ್ಷಿತ ಫಲವನ್ನು ನಿರಾಕರಿಸಬೇಕಾದಾಗ, ಕಾರಣವನ್ನು ‘ಅನ್ನುವ’ ಮಾತಾಗಿಸಿ ಅದರ ಬಲವನ್ನು ಕುಗ್ಗಿಸುತ್ತವೆ.

ವಿದ್ಯಾರ್ಥಿನಿ ‘ದೇರ್‌ಫೋರ್’ ಎಂದಿದ್ದಲ್ಲೆಲ್ಲ ಗೆರೆ ಎಳೆದು, ಒಂದೊಂದು ಜಪಾನೀ ಪದದ ಎದುರಿಗೂ ಬೇರೆ ಬೇರೆ ಕನ್ನಡ ಪದವನ್ನು ಬರೆದುಕೊಂಡಳು. ಒಂದು ಕಡೆ ಮಾತ್ರ ಪೆನ್ಸಿಲಿನಲ್ಲಿ ಪ್ರಶ್ನೆಯೊಂದು ಉಳಿಯಿತು. ತನ್ನ ವ್ಯಾಸಂಗದ ವಚನಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ‘ಇದು ಕಾರಣ’ ಎಂಬುದಕ್ಕೆ ಯಾವುದನ್ನು ಇಡುವುದು? ವಚನಕಾರರ ‘ಇದು ಕಾರಣ’ದ ಬೆನ್ನಿಗೆ ತರ್ಕದ ತೀರ್ಮಾನ ಬರುತ್ತದೆ, ಅಂಕಿತದ ಸಂಬೋಧನೆ ಬರುತ್ತದೆ, ಶರಣನ ಸಂಕಲ್ಪವೂ ಬರುತ್ತದೆ. ಹೊಣೆ ಹೊರುವವನು ಹೇಳುವವನೇ ಆದುದರಿಂದ ‘ದಕರ’ದ ಸ್ವಾತಂತ್ರ್ಯ ಅದಕ್ಕೆ ಬೇಕು, ಆದರೆ ‘ದಕರ’ದ ಮನೆಮಾತಿನ ಸಲುಗೆ, ಅಸಹನೆಗಳು ಅಲ್ಲಿ ಸಲ್ಲವು. ‘ಶಿತಗತ್ತೆ’ ತೀರ ಶುಷ್ಕ. ‘ಸೊನೊ ಕೆಕ್ಕ’ ಎಂದರೆ ಅನುಭಾವವು ವರದಿಯಾಗಿಬಿಡುತ್ತದೆ. ‘ಯುಎ ನಿ’ ಎಂಬ ಹಳೆಯ ಗ್ರಾಂಥಿಕ ಪದವೊಂದಿದೆ. ದೇಕಾರ್ತನ ಪ್ರಸಿದ್ಧ ಸೂತ್ರದ ‘ಆದ್ದರಿಂದ’ವನ್ನು ಜಪಾನೀಯರು ಅದರಿಂದಲೇ ಅನುವಾದಿಸಿಕೊಂಡಿದ್ದಾರೆ. ಗಾಂಭೀರ್ಯದಲ್ಲಿ ಅದು ಹತ್ತಿರ ಬರುತ್ತದೆ. ಆದರೆ ವಚನದ ‘ಇದು’ ಎಂಬ ಬೆರಳು ಮಾಡಿ ತೋರಿಸುವ ಸರ್ವನಾಮ ಅದರಲ್ಲಿಲ್ಲ. ಅವಳು ಸದ್ಯಕ್ಕೆ ‘ಯುಎ ನಿ’ ಎಂದು ಪೆನ್ಸಿಲಿನಲ್ಲಿಯೇ ಬರೆದಿಟ್ಟಿದ್ದಾಳೆ.